ಬಿಸಿಲೂರಿನಲ್ಲಿ ಡಿ ಕೊರತೆ, ಮತ್ತೆ ಮತ್ತೆ ಕೆಂಪಾಗುವ ಕಣ್ಣು

ಪ್ರಶ್ನೆ: ನನಗೆ 33 ವರ್ಷ. ಊರು ಸಿರುಗುಪ್ಪದ ಹತ್ತಿರ. ಈಗ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್ ಒಂದರಲ್ಲಿ ಟೈಲರ್ ಆಗಿದ್ದೇನೆ. ಹೋದ ದೀಪಾವಳಿ ಹೊತ್ತಿಗೆ ಬಲಗಣ್ಣು ಕೆಂಪಾಗಿ ನೋವು ಶುರುವಾಯಿತು, ಬೆಳಕು ನೋಡಲಿಕ್ಕೇ ಆಗುತ್ತಿರಲಿಲ್ಲ. ಡಾಕ್ಟರು ಯುವೈಟಿಸ್ ಅಂದರು, ಡ್ರಾಪ್ಸ್ ಬರೆದುಕೊಟ್ಟರು. ಹತ್ತು ದಿನಕ್ಕೆ ಕೆಂಪು ಹೋಯಿತು, ಬಿಟ್ಟುಬಿಟ್ಟೆ. ತಿಂಗಳಾಗುವಷ್ಟರಲ್ಲಿ ಮತ್ತೆ ಬಂತು. ಈಗ ಮೂರನೇ ಸಲ, ಈ ಸಾರಿ ಎಡಗಣ್ಣು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ 11 ಬಂದಿದೆ. ಡಿ ಕಮ್ಮಿಯಾದರೆ ಯುವೈಟಿಸ್ ಬರುತ್ತದೆ ಎಂದು ಮೊಬೈಲ್‌ನಲ್ಲಿ ಓದಿದೆ. ಹಾಗಾದರೆ ಡಿ ಪುಡಿ ತಗೊಂಡು ಡ್ರಾಪ್ಸ್ ನಿಲ್ಲಿಸಬಹುದಾ? ಬೆಳಿಗ್ಗೆ ಎದ್ದು ಸೂರ್ಯನನ್ನೇ ದಿಟ್ಟಿಸಿ ನೋಡು, ಎರಡೂ ಸರಿಹೋಗುತ್ತದೆ ಅಂತಾರೆ ನಮ್ಮ ಕಾಕಾ. ಬಳ್ಳಾರಿ ಬಿಸಿಲಲ್ಲಿ ಇದ್ದುಕೊಂಡೂ ನನಗೆ ಡಿ ಕಮ್ಮಿ ಆಗಿದ್ದು ಹೇಗೆ? ಅಂದ ಹಾಗೆ, ಬೆಳಿಗ್ಗೆ ಎದ್ದ ಕೂಡಲೇ ಸೊಂಟ ಹಿಡಿದುಕೊಳ್ಳುತ್ತದೆ. ಎರಡು ವರ್ಷದಿಂದ ಇದೆ. ಮಷಿನ್ ಮುಂದೆ ಕೂತು ಕೂತು ಹಾಗಾಗಿರಬೇಕು.

ಉತ್ತರ: ಮೊದಲು ಎರಡು ಮಾತು, ಉಳಿದದ್ದನ್ನು ನಿಧಾನ ಮಾತಾಡೋಣ. ಡ್ರಾಪ್ಸ್ ನಿಲ್ಲಿಸಬೇಡಿ. ಸೂರ್ಯನನ್ನು ದಿಟ್ಟಿಸಬೇಡಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ವಿಟಮಿನ್ ಡಿ ಮೇಲಲ್ಲ. ‘ಅಂದ ಹಾಗೆ’ ಎಂದು ಕೊನೆಗೆ ಸೇರಿಸಿದ್ದೀರಲ್ಲ, ಆ ಸೊಂಟದ ಮಾತಿನ ಮೇಲೆ. ಅಲ್ಲಿಗೆ ಬರುತ್ತೇನೆ. ಅದಕ್ಕೂ ಮೊದಲು ನಿಮ್ಮ ಕಣ್ಣೊಳಗೆ ಏನಾಗುತ್ತಿದೆ ಎಂದು ತಿಳಿದಿದ್ದರೆ ಮುಂದಿನದು ಸುಲಭ.

ಕಣ್ಣಿನ ಬಿಳಿ ಗೋಡೆಗೂ ಒಳಗಿನ ನರಪರದೆಗೂ ನಡುವೆ ರಕ್ತನಾಳಗಳು ತುಂಬಿದ ಒಂದು ಪದರ ಇದೆ. ಅದರ ಹೆಸರು ಯುವಿಯಾ. ಪಾಪೆಯ ಸುತ್ತ ಕಾಣುವ ಕಂದು ಬಣ್ಣದ ಉಂಗುರ ಇದೆಯಲ್ಲ, ಅದು ಈ ಪದರದ ಮುಂಭಾಗ. ಈ ಪದರಕ್ಕೆ ಉರಿಯೂತ ಬಂದರೆ ಯುವೈಟಿಸ್. ನಿಮಗೆ ಬಂದಿರುವುದು ಮುಂಭಾಗದ್ದೇ ಇರಬೇಕು. ನೋವು, ಕೆಂಪು, ಬೆಳಕು ಕಂಡರಾಗದಿರುವುದು, ಎಲ್ಲವೂ ಅದನ್ನೇ ಹೇಳುತ್ತವೆ.

ನಮ್ಮ ಕಡೆಯ ಹಳೆ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇರುತ್ತದೆ. ನೀವೂ ನೋಡಿರುತ್ತೀರಿ. ಮಧ್ಯಾಹ್ನ ಅದರಿಂದ ಕೋಲಿನಂತೆ ಬೆಳಕು ಇಳಿಯುತ್ತದೆ, ಆ ಬೆಳಕಿನಲ್ಲಿ ಧೂಳಿನ ಕಣಗಳು ಮೇಲೆ ಕೆಳಗೆ ತೇಲಾಡುತ್ತವೆ. ಕತ್ತಲ ಕೋಣೆಯಲ್ಲಿ ನಿಮ್ಮ ಗದ್ದವನ್ನು ಮಷಿನ್ ಮೇಲೆ ಇಡಿಸಿ, ಸಣ್ಣ ಬೆಳಕು ಬಿಟ್ಟು ನೋಡಿದಾಗ ನಮಗೆ ಕಾಣುವುದೂ ಹೆಚ್ಚುಕಮ್ಮಿ ಅದೇ. ಆರೋಗ್ಯದ ಕಣ್ಣಲ್ಲಿ ಪಾಪೆಯ ಮುಂದಿನ ಜಾಗ ಖಾಲಿ, ತಿಳಿನೀರು. ಯುವೈಟಿಸ್ ಇದ್ದರೆ ಬಿಳಿ ರಕ್ತಕಣಗಳು ಧೂಳಿನ ಹಾಗೆ ತೇಲುತ್ತಿರುತ್ತವೆ. ಅವನ್ನು ಎಣಿಸಿಯೇ ನಾವು ಕಾಯಿಲೆ ಎಷ್ಟಿದೆ ಅಂತ ಬರೆದುಕೊಳ್ಳುವುದು.

ಈಗ ಗಮನಿಸಿ. ಕಣ್ಣಿನ ಕೆಂಪು ಮೊದಲು ಹೋಗುತ್ತದೆ, ಆ ಕಣಗಳು ಆಮೇಲೆ ಹೋಗುತ್ತವೆ. ಕನ್ನಡಿಯಲ್ಲಿ ನಿಮಗೆ ಕಾಣುವುದು ಕೆಂಪು ಮಾತ್ರ. ಹತ್ತು ದಿನಕ್ಕೆ ಕಣ್ಣು ಬೆಳ್ಳಗಾಯಿತು, ನೀವು ಡ್ರಾಪ್ಸ್ ನಿಲ್ಲಿಸಿದಿರಿ. ಒಳಗೆ ಬೂದಿ ಮುಚ್ಚಿದ ಕೆಂಡ ಹಾಗೇ ಇತ್ತು. ತಿಂಗಳೊಳಗೆ ‘ಮತ್ತೆ ಬಂತು’ ಅಂತೀರಿ. ಅದು ಮತ್ತೆ ಬಂದದ್ದಲ್ಲ, ಹೋಗೇ ಇರಲಿಲ್ಲ ಅನ್ನುವುದು ನನ್ನ ಅನಿಸಿಕೆ. ಡ್ರಾಪ್ಸ್ ಪೂರ್ತಿ ನಿಲ್ಲಿಸಿ ಮೂರು ತಿಂಗಳು ಕಣ್ಣು ಶಾಂತವಾಗಿದ್ದು ಆಮೇಲೆ ಬಂದರೆ ಮಾತ್ರ ನಾವು ಅದನ್ನು ಹೊಸ ದಾಳಿ ಅಂತ ಲೆಕ್ಕ ಹಿಡಿಯುತ್ತೇವೆ.

ಸಾಮಾನ್ಯವಾಗಿ ಕೊಡುವುದು ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಹನಿ. ಶುರುವಿನಲ್ಲಿ ಗಂಟೆಗೊಂದು ಸಲ. ಆಮೇಲೆ ವಾರ ವಾರಕ್ಕೆ ಇಳಿಸುತ್ತಾ ಆರೆಂಟು ವಾರ ನಡೆಯುತ್ತದೆ. ಔಷಧಿ ಬಾಟಲಿಯ ತಳದಲ್ಲಿ ಹಿಟ್ಟಿನಂತೆ ಕೂತಿರುತ್ತದೆ. ಪ್ರತಿ ಸಲವೂ ಚೆನ್ನಾಗಿ ಅಲುಗಾಡಿಸಿ ಹಾಕಬೇಕು. ಅಲುಗಾಡಿಸದೆ ಹಾಕಿದರೆ ಕಣ್ಣಿಗೆ ಬೀಳುವುದು ಬರೀ ತಿಳಿನೀರು. ‘ಡ್ರಾಪ್ಸ್ ಹಾಕಿದರೂ ಕಮ್ಮಿ ಆಗಲಿಲ್ಲ ಸರ್’ ಎಂದು ಬರುವವರ ಕೈಗೆ ನಾನು ಬಾಟಲಿ ಕೊಟ್ಟು, ಮನೆಯಲ್ಲಿ ಹೇಗೆ ಹಾಕುತ್ತೀರಿ ತೋರಿಸಿ ಅನ್ನುತ್ತೇನೆ. ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತದೆ.

ಜೊತೆಗೆ ಪಾಪೆ ಹಿಗ್ಗಿಸುವ ಇನ್ನೊಂದು ಹನಿ ಕೊಟ್ಟಿರುತ್ತಾರೆ. ಅದನ್ನು ಹಾಕಿದರೆ ಹತ್ತಿರದ್ದು ಮಂಜು ಮಂಜು. ಜೀನ್ಸ್ ಮೇಲೆ ಕಿತ್ತಳೆ ದಾರದ ಹೊಲಿಗೆ ನೇರ ಹೋಗುತ್ತಿದೆಯೋ ಇಲ್ಲವೋ ಕಾಣುವುದಿಲ್ಲ. ಪೀಸ್ ಲೆಕ್ಕದ ಮೇಲೆ ಕೂಲಿ ಇರುವವರಿಗೆ ಅದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ನೀವೂ ಮೊದಲು ಅದನ್ನೇ ಬಿಟ್ಟಿರಬೇಕು, ಅಲ್ವಾ? ಆದರೆ ಆ ಹನಿ ಇಲ್ಲದಿದ್ದರೆ ಪಾಪೆಯ ಅಂಚು ಹಿಂದಿನ ಮಸೂರಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಲ್ಲಿ ಅಂಟಿದ ಪಾಪೆ ಗುಂಡಗಿರುವುದಿಲ್ಲ, ಸೊಟ್ಟ ಹೂವಿನ ಹಾಗೆ ಕಾಣುತ್ತದೆ. ಸುತ್ತಲೂ ಅಂಟಿಬಿಟ್ಟರೆ ಒಳಗಿನ ನೀರು ಹರಿಯಲು ದಾರಿ ಇಲ್ಲದೆ ಕಣ್ಣಿನ ಒತ್ತಡ ಏರುತ್ತದೆ. ಡಾಕ್ಟರ ಹತ್ತಿರ ನಿಮ್ಮ ಕೆಲಸ ಏನು ಎಂದು ಬಿಡಿಸಿ ಹೇಳಿ. ರಾತ್ರಿ ಮಾತ್ರ ಹಾಕುವಂಥ, ಬೇಗ ಇಳಿಯುವ ಹನಿಗೆ ಬದಲಾಯಿಸಲು ಆಗುತ್ತದಾ ಎಂದು ಅವರು ನೋಡುತ್ತಾರೆ. ಸುಮ್ನೆ ಬಿಡುವುದಕ್ಕಿಂತ ಕೇಳುವುದು ವಾಸಿ.

ಇನ್ನು ವಿಟಮಿನ್ ಡಿ.

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಾವೇ ನಗಾಡುತ್ತೇವೆ. ರಾಯಚೂರು, ಕೊಪ್ಪಳದವರೂ ಇದನ್ನೇ ತಮ್ಮೂರಿನ ಹೆಸರು ಹಾಕಿ ಹೇಳುತ್ತಾರೆ. ಆದರೆ ಬಿಸಿಲು ಊರಿನ ಮೇಲೆ ಬಿದ್ದರೆ ಸಾಲದು, ನಿಮ್ಮ ಚರ್ಮದ ಮೇಲೆ ಬೀಳಬೇಕು. ಬಿಸಿಲಿನಲ್ಲಿರುವ ಯುವಿ-ಬಿ ಕಿರಣ ಚರ್ಮಕ್ಕೆ ತಾಗಿದಾಗ ಅಲ್ಲಿ ಡಿ ತಯಾರಾಗುತ್ತದೆ. ಅದು ಲಿವರ್‌ಗೆ ಹೋಗಿ ಒಮ್ಮೆ ಬದಲಾಗುತ್ತದೆ, ಕಿಡ್ನಿಗೆ ಹೋಗಿ ಇನ್ನೊಮ್ಮೆ ಬದಲಾಗಿ ಕೆಲಸಕ್ಕೆ ಬರುತ್ತದೆ. ನೀವು ಬೆಳಿಗ್ಗೆ ಒಂಬತ್ತಕ್ಕೆ ಯೂನಿಟ್ ಒಳಗೆ ಹೋಗಿ ಟ್ಯೂಬ್‌ಲೈಟ್ ಕೆಳಗೆ ಕೂತರೆ ಹೊರಬರುವುದು ಕತ್ತಲಾದ ಮೇಲೆ. ಕಿಟಕಿ ಪಕ್ಕ ಕೂತರೂ ಪ್ರಯೋಜನ ಇಲ್ಲ, ಗಾಜು ಯುವಿ-ಬಿಯನ್ನು ತಡೆಯುತ್ತದೆ. ಕೂತವರಿಗೆ ಸೆಕೆ ಸಿಗುತ್ತದೆ ಅಷ್ಟೇ, ಡಿ ಸಿಗುವುದಿಲ್ಲ. ಇನ್ನು 42 ಡಿಗ್ರಿ ಬಿಸಿಲಿನಲ್ಲಿ ಹೊರಗೆ ಹೋಗುವವರು ತಲೆಗೆ ಟವೆಲ್ ಸುತ್ತಿ, ಮೈತುಂಬ ಬಟ್ಟೆ ಹಾಕಿಯೇ ಹೋಗುತ್ತಾರೆ. ನಮ್ಮ ಕಪ್ಪು ಚರ್ಮಕ್ಕೆ ಬಿಳಿ ಚರ್ಮಕ್ಕಿಂತ ಜಾಸ್ತಿ ಹೊತ್ತು ಬಿಸಿಲು ಬೇಕು. ಬಿಸಿಲು ಅತಿಯಾಗಿರುವ ಊರಿನಲ್ಲಿ ಜನ ಬಿಸಿಲಿಗೆ ಬೆನ್ನು ಹಾಕುವುದು ಸಹಜ. ಹಾಗಾಗಿ ನಿಮ್ಮ 11 ನೋಡಿ ನನಗೆ ಆಶ್ಚರ್ಯ ಆಗಲಿಲ್ಲ. 20ಕ್ಕಿಂತ ಕೆಳಗಿದ್ದರೆ ಕೊರತೆ ಅನ್ನುತ್ತೇವೆ. ಈ ಲೆಕ್ಕ ರಿಪೋರ್ಟಿನಲ್ಲಿ ನ್ಯಾನೋಗ್ರಾಮ್ ಎಂದು ಇದ್ದರೆ ಮಾತ್ರ. ಕೆಲವು ಕಡೆ ನ್ಯಾನೋಮೋಲ್ ಎಂದು ಕೊಡುತ್ತಾರೆ, ಆ ಲೆಕ್ಕದಲ್ಲಿ ಈ 20ರ ಗೆರೆ 50 ಆಗುತ್ತದೆ.

ಕೊರತೆ ಇರುವುದು ನಿಜ. ಯುವೈಟಿಸ್ ಬಂದದ್ದು ಅದರಿಂದಲೇ ಅನ್ನುವುದು ಬೇರೆ ಮಾತು.

ಮೊಬೈಲ್‌ನಲ್ಲಿ ನೀವು ಓದಿದ್ದು ಪೂರ್ತಿ ಸುಳ್ಳಲ್ಲ. ಅಮೆರಿಕ, ಆಸ್ಟ್ರೇಲಿಯಾದ ಅಧ್ಯಯನಗಳಲ್ಲಿ, ಸೋಂಕಿನಿಂದ ಬಾರದ ಯುವೈಟಿಸ್ ಇರುವವರಲ್ಲಿ ಡಿ ಮಟ್ಟ ಕಡಿಮೆ ಇರುವುದು ಹೆಚ್ಚಾಗಿ ಕಂಡಿದೆ. ಅದಕ್ಕೊಂದು ಕಾರಣವೂ ತೋಚುತ್ತದೆ. ನಮ್ಮ ರೋಗನಿರೋಧಕ ಕಣಗಳ ಮೇಲೆ ವಿಟಮಿನ್ ಡಿ ಹಿಡಿಯುವ ಕೊಂಡಿಗಳಿವೆ. ಉರಿಯೂತ ಎಬ್ಬಿಸುವ ಕಣಗಳನ್ನು ಡಿ ಸ್ವಲ್ಪ ತಣ್ಣಗಿಡುತ್ತದೆ, ಅವಕ್ಕೆ ಲಗಾಮು ಹಾಕುವ ಕಣಗಳಿಗೆ ಬಲ ಕೊಡುತ್ತದೆ. ಪ್ರಯೋಗಾಲಯದಲ್ಲಿ ಇದು ಚೆನ್ನಾಗಿಯೇ ಕಾಣುತ್ತದೆ.

ಆದರೆ ಎತ್ತಿನ ಮುಂದೆ ಗಾಡಿ ಕಟ್ಟಬಾರದಲ್ಲ. ಕಣ್ಣು ನೋಯುವವನು, ಬೆಳಕು ಕಂಡರೆ ಮುಖ ತಿರುಗಿಸುವವನು ಬಿಸಿಲಿಗೆ ಹೋಗುತ್ತಾನಾ? ಕಿಟಕಿ ಮುಚ್ಚಿ ಒಳಗೇ ಮಲಗುತ್ತಾನೆ. ಅವನ ಡಿ ಇಳಿಯುತ್ತದೆ. ಸಾಲದ್ದಕ್ಕೆ ಮೈಯಲ್ಲಿ ಉರಿಯೂತ ಇದ್ದಾಗ ರಕ್ತದಲ್ಲಿ ಡಿ ಅಳತೆ ತಾನಾಗಿಯೇ ಒಂದಿಷ್ಟು ಕಮ್ಮಿ ತೋರಿಸುತ್ತದೆ. ಅಂದರೆ ಕಾಯಿಲೆಯಿಂದ ಕೊರತೆಯೋ, ಕೊರತೆಯಿಂದ ಕಾಯಿಲೆಯೋ ಎಂದು ಬರೀ ಒಂದು ರಕ್ತ ಪರೀಕ್ಷೆಯಿಂದ ಹೇಳಲು ಬರುವುದಿಲ್ಲ. ನಿಮ್ಮ ಯೂನಿಟ್‌ನಲ್ಲಿ ಪಕ್ಕದ ಮಷಿನ್‌ನವರ ರಕ್ತ ತೆಗೆದು ನೋಡಿದರೂ 12, 14 ಬರಬಹುದು. ಅವರಿಗೆಲ್ಲ ಯುವೈಟಿಸ್ ಬಂದಿಲ್ಲವಲ್ಲ.

ಡಿ ಪರವಾಗಿ ಇರುವ ಒಳ್ಳೆಯ ಸಾಕ್ಷಿ ಅಂದರೆ ಅಮೆರಿಕದ ‘ವೈಟಲ್’ ಪ್ರಯೋಗ. 50 ದಾಟಿದ ಸುಮಾರು 25,800 ಜನರನ್ನು ಚೀಟಿ ಎತ್ತಿದ ಹಾಗೆ ಹಂಚಿ, ಅರ್ಧ ಜನಕ್ಕೆ ದಿನಕ್ಕೆ 2,000 ಯೂನಿಟ್ ಡಿ, ಉಳಿದವರಿಗೆ ಔಷಧಿ ಇಲ್ಲದ ಮಾತ್ರೆ ಕೊಟ್ಟು ಐದು ವರ್ಷಕ್ಕೂ ಜಾಸ್ತಿ ನೋಡಿದರು. 2022ರಲ್ಲಿ ಬಂದ ಫಲಿತಾಂಶದಲ್ಲಿ, ಮೈಯೇ ಮೈಯ ಮೇಲೆ ತಿರುಗಿ ಬೀಳುವ ಆಟೋಇಮ್ಯೂನ್ ಕಾಯಿಲೆಗಳು ಡಿ ತೆಗೆದುಕೊಂಡವರಲ್ಲಿ ಶೇ 22ರಷ್ಟು ಕಮ್ಮಿ ಇದ್ದವು. ಇದು ಸಣ್ಣ ಮಾತಲ್ಲ. ಆದರೆ ಅವರು ನೋಡಿದ್ದು ಕೀಲುವಾತ, ಸೋರಿಯಾಸಿಸ್, ಥೈರಾಯ್ಡ್‌ನಂಥವನ್ನು. ಕಣ್ಣಿಗಾಗಿ ಮಾಡಿದ ಪ್ರಯೋಗ ಅಲ್ಲ. ಕಾಯಿಲೆ ಬಾರದಂತೆ ತಡೆಯುತ್ತದಾ ಎಂದು ನೋಡಿದರೇ ಹೊರತು ಬಂದದ್ದನ್ನು ವಾಸಿ ಮಾಡುತ್ತದಾ ಎಂದಲ್ಲ. ಉರಿಯುತ್ತಿರುವ ಯುವೈಟಿಸ್ ಅನ್ನು ಡಿ ಪುಡಿ ಆರಿಸುತ್ತದೆ ಎಂದು ಈ ಪ್ರಯೋಗ ಹಿಡಿದುಕೊಂಡು ಹೇಳಲು ಬರುವುದಿಲ್ಲ.

ಹಾಗಂತ 11 ಅನ್ನು ಹಾಗೇ ಬಿಡಬೇಕಾ? ಬೇಡ. ನಿಮ್ಮ ಮೂಳೆಗೆ ಅದು ಬೇಕು. ಮುಂದೆ ಕಣ್ಣಿಗಾಗಿ ಸ್ಟೀರಾಯ್ಡ್ ಮಾತ್ರೆ ನುಂಗಬೇಕಾಗಿ ಬಂದರೆ ಇನ್ನೂ ಜಾಸ್ತಿ ಬೇಕು, ಆ ಮಾತ್ರೆ ಮೂಳೆಯನ್ನು ಸವೆಸುತ್ತದೆ. ಕಣ್ಣಿಗೂ ಒಂದಿಷ್ಟು ಅನುಕೂಲ ಆದರೆ ಆಗಲಿ. ಕೊರತೆ ತುಂಬುವುದಕ್ಕೆ ನನ್ನ ಅಡ್ಡಿ ಇಲ್ಲ. ಅದನ್ನು ಡ್ರಾಪ್ಸ್‌ನ ಜಾಗದಲ್ಲಿ ಕೂರಿಸುವುದಕ್ಕೆ ಮಾತ್ರ ಅಡ್ಡಿ ಇದೆ.

ಅಂಗಡಿಯಲ್ಲಿ ಸಿಗುವ ಪುಡಿ ಪ್ಯಾಕೆಟ್ 60,000 ಯೂನಿಟ್‌ನದು. ವಾರಕ್ಕೆ ಒಂದರಂತೆ ಎಂಟು ವಾರ, ಆಮೇಲೆ ತಿಂಗಳಿಗೊಂದು ಎಂದು ಬರೆಯುವುದು ಸಾಮಾನ್ಯ ಪದ್ಧತಿ. ಡಿ ಕೊಬ್ಬಿನಲ್ಲಿ ಕರಗುವಂಥದ್ದು, ಹಾಗಾಗಿ ಹಾಲಿನಲ್ಲೋ ಊಟ ಆದ ಮೇಲೋ ತೆಗೆದುಕೊಳ್ಳಿ. ವಾರಕ್ಕೆ ಒಂದು ಅನ್ನುವುದನ್ನು ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಪೊರೆ ಪರೀಕ್ಷೆಗೆ ಎಂದು ನನ್ನ ಹತ್ತಿರ ಒಬ್ಬ ಅಜ್ಜಿಯನ್ನು ಕರೆತಂದಿದ್ದರು. ಕೂರಿಸಿದರೆ ಕೂರಲು ಆಗುತ್ತಿಲ್ಲ. ವಾಂತಿ, ಮಲಬದ್ಧತೆ, ಮಾತು ಹಿಂದೆ ಮುಂದೆ. ಎಷ್ಟು ನೀರು ಕುಡಿದರೂ ಬಾಯಾರಿಕೆ. ‘ವಯಸ್ಸಾಯ್ತಲ್ರೀ’ ಅಂದರು ಮಗ. ಚೀಲದಿಂದ ಔಷಧಿ ತೆಗೆಸಿದೆ. ವಾರಕ್ಕೊಂದು ಎಂದು ಇಂಗ್ಲಿಷಿನಲ್ಲಿ ಬರೆದದ್ದನ್ನು ಮನೆಯವರು ದಿನಕ್ಕೊಂದು ಎಂದು ಓದಿಕೊಂಡಿದ್ದರು. ತಿಂಗಳಲ್ಲಿ 30 ಪುಡಿ, ಅಂದರೆ 18 ಲಕ್ಷ ಯೂನಿಟ್. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿ ತೊಂದರೆಗೆ ಬಂದಿತ್ತು. ಪೊರೆ ವಿಷಯ ಬದಿಗಿಟ್ಟು ಮೊದಲು ಫಿಜಿಶಿಯನ್ ಹತ್ತಿರ ಕಳಿಸಿದೆ. ಸುಧಾರಿಸಿಕೊಂಡರು, ಆದರೆ ತಿಂಗಳುಗಟ್ಟಲೆ ಹಿಡಿಯಿತು. ಕೊಬ್ಬಿನಲ್ಲಿ ಕೂತ ಡಿ ಬೇಗ ಹೊರಬೀಳುವುದಿಲ್ಲ.

ನಿಮ್ಮ ವಿಷಯದಲ್ಲಿ ಇನ್ನೊಂದು ಎಚ್ಚರ ಇದೆ. ಇದನ್ನು ಮೊಬೈಲ್‌ನಲ್ಲಿ ಯಾರೂ ಹೇಳಿರುವುದಿಲ್ಲ. ಯುವೈಟಿಸ್ ಹಿಂದೆ ಕೆಲವರಿಗೆ ಸಾರ್ಕಾಯಿಡೋಸಿಸ್ ಅನ್ನುವ ಕಾಯಿಲೆ ಇರುತ್ತದೆ, ನಮ್ಮ ದೇಶದಲ್ಲಿ ಟಿಬಿಯೂ ಇರುತ್ತದೆ. ಈ ಎರಡರಲ್ಲೂ ಮೈಯೊಳಗೆ ಸಣ್ಣ ಸಣ್ಣ ಗಂಟುಗಳಾಗುತ್ತವೆ. ಆ ಗಂಟಿನ ಕಣಗಳು ಕಿಡ್ನಿಯನ್ನು ಕೇಳದೆಯೇ ಡಿಯನ್ನು ಅದರ ಜೋರಾದ ರೂಪಕ್ಕೆ ಬದಲಾಯಿಸಿಬಿಡುತ್ತವೆ. ಆಗ ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಡಿ ಕಮ್ಮಿ ಎಂದೇ ಬರುತ್ತದೆ, ಯಾಕೆಂದರೆ ಆ ಪರೀಕ್ಷೆ ಅಳೆಯುವುದು ಲಿವರ್‌ನಿಂದ ಬಂದ ರೂಪವನ್ನು. ಕೆಲಸ ಮಾಡುವ ರೂಪ ಒಳಗೆ ಜಾಸ್ತಿಯೇ ಇರುತ್ತದೆ. ಕಮ್ಮಿ ಇದೆಯಲ್ಲ ಎಂದು ಮೇಲಿಂದ ಮೇಲೆ ಪುಡಿ ಕೊಟ್ಟರೆ ಕ್ಯಾಲ್ಸಿಯಂ ಏರುತ್ತದೆ. ಹಾಗಾಗಿ ಮತ್ತೆ ಮತ್ತೆ ಯುವೈಟಿಸ್ ಆಗುವವರಿಗೆ ಎದೆ ಎಕ್ಸ್‌ರೇ ಮತ್ತು ರಕ್ತದ ಕ್ಯಾಲ್ಸಿಯಂ ನೋಡದೆ ದೊಡ್ಡ ಡೋಸ್ ಡಿ ಕೊಡುವುದು, ಅದರಲ್ಲೂ ಲಕ್ಷಗಟ್ಟಲೆ ಯೂನಿಟ್‌ನ ಇಂಜೆಕ್ಷನ್ ಹಾಕಿಸುವುದು, ನನಗೆ ಒಪ್ಪಿಗೆ ಇಲ್ಲ. ಎರಡೂ ದುಬಾರಿ ಪರೀಕ್ಷೆಗಳಲ್ಲ.

ಈಗ ಸೊಂಟಕ್ಕೆ ಬರೋಣ.

ಕೂತು ಕೂತು ಬರುವ ಸೊಂಟನೋವು ಸಂಜೆಗೆ ಜಾಸ್ತಿಯಾಗುತ್ತದೆ, ಮಲಗಿ ಎದ್ದರೆ ಹಗುರ. ನಿಮ್ಮದು ತಿರುಗಾಮುರುಗಾ. ಮಲಗಿ ಎದ್ದಾಗಲೇ ಬಿಗಿ. ನಾನು ಎದುರಿಗಿದ್ದರೆ ಇಷ್ಟು ಕೇಳುತ್ತಿದ್ದೆ: ಬಿಗಿತ ಸಡಿಲಾಗಲು ಅರ್ಧ ಗಂಟೆಗಿಂತ ಜಾಸ್ತಿ ಬೇಕಾ? ಓಡಾಡಿದರೆ ಕಮ್ಮಿಯಾಗುತ್ತದಾ? ಬೆಳಗಿನ ಜಾವ ಮೂರು ನಾಲ್ಕಕ್ಕೆ ನೋವಿನಿಂದ ಎಚ್ಚರ ಆಗುತ್ತದಾ? ಹಿಮ್ಮಡಿ ನೋಯುತ್ತದಾ? ಮನೆಯಲ್ಲಿ ಅಪ್ಪ, ದೊಡ್ಡಪ್ಪ ಯಾರಾದರೂ ಬಾಗಿದ ಬೆನ್ನಿನವರು ಇದ್ದಾರಾ? ಹೌದು ಅನ್ನುವುದೇ ಜಾಸ್ತಿ ಆದರೆ ಅದು ಬೆನ್ನುಮೂಳೆಯ ಕೀಲುಗಳ ಉರಿಯೂತ ಇರಬಹುದು. ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಅನ್ನುವುದು ಇದೇ ಗುಂಪಿನದು. 45 ದಾಟುವ ಮೊದಲೇ ಶುರುವಾಗುತ್ತದೆ, ಗಂಡಸರಲ್ಲಿ ಜಾಸ್ತಿ. ಇದಕ್ಕೂ ಯುವೈಟಿಸ್‌ಗೂ ಹತ್ತಿರದ ನೆಂಟಸ್ತಿಕೆ. ಎಚ್‌ಎಲ್‌ಎ-ಬಿ27 ಅನ್ನುವ ಗುರುತು ರಕ್ತದಲ್ಲಿ ಇರುವವರಿಗೆ ಎರಡೂ ಬರುವ ಸಾಧ್ಯತೆ ಹೆಚ್ಚು. ಒಮ್ಮೆ ಈ ಕಣ್ಣು, ಇನ್ನೊಮ್ಮೆ ಆ ಕಣ್ಣು ಎಂದು ಬದಲಾಯಿಸಿ ಬರುವುದೂ ಅದರದೇ ಚಾಳಿ. ನಿಮ್ಮದೂ ಬಲದಿಂದ ಎಡಕ್ಕೆ ಬಂದಿದೆ.

2015ರಲ್ಲಿ ಐರ್ಲೆಂಡಿನ ಡಬ್ಲಿನ್ ವೈದ್ಯರು ಒಂದು ಲೆಕ್ಕ ಕೊಟ್ಟರು. ‘ಕಾರಣ ಗೊತ್ತಿಲ್ಲ’ ಎಂದು ಬರೆದಿದ್ದ ಮುಂಭಾಗದ ಯುವೈಟಿಸ್ ರೋಗಿಗಳನ್ನು ಕೀಲು ತಜ್ಞರಿಂದ ಪರೀಕ್ಷೆ ಮಾಡಿಸಿದಾಗ, ನೂರಕ್ಕೆ ಸುಮಾರು 40 ಜನರಲ್ಲಿ ಈ ಬೆನ್ನಿನ ಗುಂಪಿನ ಕಾಯಿಲೆ ಸಿಕ್ಕಿತು. ಅಲ್ಲಿಯವರೆಗೆ ಅವರಿಗೆ ಅದು ಗೊತ್ತೇ ಇರಲಿಲ್ಲ. ನಿಮ್ಮ ಹಾಗೆ ‘ಕೂತು ಕೂತು’ ಅಂದುಕೊಂಡವರು ಅವರಲ್ಲೂ ಇದ್ದಿರಬೇಕು. ಐರಿಷರಿಗಿಂತ ನಮ್ಮವರಲ್ಲಿ ಬಿ27 ಕಮ್ಮಿ, ಹಾಗಾಗಿ ಆ 40 ಅನ್ನು ಇಲ್ಲಿಗೆ ಹಾಗೇ ತಂದು ಅಂಟಿಸುವುದಿಲ್ಲ. ಆದರೂ ನಿಮ್ಮ ಪತ್ರ ಓದಿ ನಾನು ಪಂದ್ಯ ಕಟ್ಟುವುದಾದರೆ ವಿಟಮಿನ್ ಮೇಲೆ ಕಟ್ಟುವುದಿಲ್ಲ, ಸೊಂಟದ ಮೇಲೆ ಕಟ್ಟುತ್ತೇನೆ.

ಇದು ಸಿಕ್ಕರೆ ಏನು ಲಾಭ? ಜಾಸ್ತಿಯೇ ಇದೆ. ಬೆನ್ನುಮೂಳೆ ಬಿದಿರಿನ ಹಾಗೆ ಒಂದಕ್ಕೊಂದು ಬೆಸೆದುಕೊಂಡ ಮೇಲೆ ಬಿಡಿಸಲು ಆಗುವುದಿಲ್ಲ. ಈಗಲೇ ಗೊತ್ತಾದರೆ ವ್ಯಾಯಾಮ, ಮಾತ್ರೆ, ಬೇಕಿದ್ದರೆ ಅದಾಲಿಮುಮ್ಯಾಬ್‌ನಂಥ ಇಂಜೆಕ್ಷನ್ ಇವೆ. ಆ ಇಂಜೆಕ್ಷನ್ ಬೆನ್ನನ್ನೂ ಕಾಯುತ್ತದೆ, ಕಣ್ಣಿಗೆ ಬರುವ ದಾಳಿಯನ್ನೂ ಕಮ್ಮಿ ಮಾಡುತ್ತದೆ. ಅದನ್ನು ಶುರು ಮಾಡುವ ಮೊದಲು ಟಿಬಿ ಪರೀಕ್ಷೆ ಆಗಲೇಬೇಕು, ಒಳಗೆ ಮಲಗಿದ್ದ ಟಿಬಿ ಎದ್ದು ಬರುವ ಅಪಾಯ ಇದೆ.

ಬಿಸಿಲಿನ ವಿಷಯ ಬಾಕಿ ಇದೆ. ಕಾಕಾ ಹೇಳಿದ್ದರಲ್ಲಿ ಅರ್ಧ ಸರಿ. ಬಿಸಿಲು ಬೇಕು, ಆದರೆ ಕಣ್ಣಿಗಲ್ಲ, ಚರ್ಮಕ್ಕೆ. ಸೂರ್ಯನನ್ನು ದಿಟ್ಟಿಸಿದರೆ ನರಪರದೆಯ ನಟ್ಟನಡುವೆ ಸುಟ್ಟ ಗಾಯ ಆಗಬಹುದು. ಓದುವುದು, ಸೂಜಿಗೆ ದಾರ ಹಾಕುವುದು, ಎಲ್ಲ ಆ ಜಾಗದಿಂದಲೇ. ಕಪ್ಪು ಕನ್ನಡಕ ಹಾಕಿಕೊಂಡೇ ಬಿಸಿಲಿಗೆ ನಿಲ್ಲಿ, ಡಿ ತಯಾರಾಗುವುದು ಅದರಿಂದ ಕೆಡುವುದಿಲ್ಲ. ಎಳೆಬಿಸಿಲೇ ಶ್ರೇಷ್ಠ ಅನ್ನುವುದೂ ಪೂರ್ತಿ ಸರಿಯಲ್ಲ. ಬೆಳಿಗ್ಗೆ ಏಳಕ್ಕೆ ಬಿಸಿಲು ಹಿತ, ಆದರೆ ಯುವಿ-ಬಿ ತೀರಾ ಕಮ್ಮಿ. ಲೆಕ್ಕ ಸುಲಭ: ನಿಮ್ಮ ನೆರಳು ನಿಮಗಿಂತ ಗಿಡ್ಡ ಇರಬೇಕು. ಬಳ್ಳಾರಿಯಲ್ಲಿ ಏಪ್ರಿಲ್‌ನಲ್ಲಿ ಒಂಬತ್ತೂವರೆಗೇ ಹಾಗಾಗುತ್ತದೆ, ಡಿಸೆಂಬರ್‌ನಲ್ಲಿ ಹತ್ತೂಮುಕ್ಕಾಲು ಆಗಬೇಕು. ತೋಳು, ಮೊಣಕಾಲ ಕೆಳಗೆ ತೆರೆದಿಟ್ಟು ಇಪ್ಪತ್ತು ಮೂವತ್ತು ನಿಮಿಷ, ವಾರಕ್ಕೆ ಮೂರ್ನಾಲ್ಕು ದಿನ. ಕಡುಬೇಸಿಗೆಯಲ್ಲಿ ಮಧ್ಯಾಹ್ನ ಬೇಡವೇ ಬೇಡ. ವಾರದ ರಜೆ ಬಿಟ್ಟರೆ ನಿಮಗೆ ಇದು ಆಗದ ಮಾತು ಅಂದರೆ ಪುಡಿಯೇ ದಾರಿ. ಊಟದಿಂದ ಅಷ್ಟಾಗಿ ಸಿಗುವುದಿಲ್ಲ. ಮೊಟ್ಟೆಯ ಹಳದಿ, ಕೊಬ್ಬಿನ ಮೀನು, ವಿಟಮಿನ್ ಬೆರೆಸಿದ, +ಎಫ್ ಗುರುತಿನ ಹಾಲು ಮತ್ತು ಎಣ್ಣೆಯಲ್ಲಿ ಸ್ವಲ್ಪ ಇದೆ. ನುಗ್ಗೆಸೊಪ್ಪು ಕಣ್ಣಿಗೆ ಒಳ್ಳೆಯದೇ, ಆದರೆ ಅದರಲ್ಲಿರುವುದು ವಿಟಮಿನ್ ಎ ಕಡೆಯ ಸತ್ವ, ಡಿ ಅಲ್ಲ.

ಕೊನೆಯದಾಗಿ, ನಾಲ್ಕನೇ ಸಲ ಕಣ್ಣು ಕೆಂಪಾದರೆ ಹಳೆ ಬಾಟಲಿ ಹುಡುಕಬೇಡಿ, ಮೆಡಿಕಲ್ ಶಾಪಿನಲ್ಲಿ ಕೇಳಿ ತರಲೂಬೇಡಿ. ಕಣ್ಣುಬೇನೆಯಾದರೆ ಪಿಸುರು ಬರುತ್ತದೆ, ಬೆಳಿಗ್ಗೆ ರೆಪ್ಪೆ ಅಂಟಿರುತ್ತದೆ, ಮನೆಯಲ್ಲಿ ಇನ್ನೊಬ್ಬರಿಗೂ ಹತ್ತುತ್ತದೆ. ಯುವೈಟಿಸ್‌ನಲ್ಲಿ ಪಿಸುರಿಲ್ಲ, ನೀರು ಮತ್ತು ನೋವು. ಆದರೆ ಕಪ್ಪುಗುಡ್ಡೆಯ ಹುಣ್ಣೂ ಹೀಗೇ ಶುರುವಾಗಬಹುದು. ಊರಿಗೆ ಹೋಗಿ ಭತ್ತದ ರಾಶಿಯಲ್ಲಿ ನಿಂತಾಗ ಹೊಟ್ಟು ತಾಗಿ ಫಂಗಸ್ ಹುಣ್ಣಾಗಿದ್ದರೆ, ಅದಕ್ಕೆ ಸ್ಟೀರಾಯ್ಡ್ ಹನಿ ಬೆಂಕಿಗೆ ಸೀಮೆಎಣ್ಣೆ ಸುರಿದ ಹಾಗೆ. ಅವತ್ತೇ ತೋರಿಸಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ, ಕಣ್ಣಿನ ವಿಭಾಗ ಇದೆ.

ಹೋಗುವಾಗ ಮೂರೂ ಸಲದ ಚೀಟಿ, ಖಾಲಿಯಾದರೂ ಪರವಾಗಿಲ್ಲ ಆ ಬಾಟಲಿಗಳು, ಡಿ ರಿಪೋರ್ಟು, ಎಲ್ಲ ಒಂದು ಕವರ್‌ನಲ್ಲಿ ಹಾಕಿಕೊಂಡು ಹೋಗಿ. ಸೊಂಟದ ಮಾತನ್ನು ಮೊದಲೇ ಹೇಳಿ. ಕಾಕಾ ದಿನಾ ಬೆಳಿಗ್ಗೆ ಸೂರ್ಯನನ್ನು ದಿಟ್ಟಿಸುವವರೇ ಆಗಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರ ಕಣ್ಣಿನ ಹಿಂಭಾಗವನ್ನೂ ಒಮ್ಮೆ ನೋಡಿಸುವುದು ಒಳ್ಳೆಯದು.